ಆರನೆಯ ತೂತು

ಕಬ್ಬನ್‌ಪೇಟೆಯ ನಮ್ಮ ಓಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು.
ಸಿಟ್ಟಿಗಲ್ಲ, ಮಗ್ಗಕ್ಕೆ.
ಫಿಲೋಮಿನಾ ಮೇಡಂ ಅಮೈನೊ ಆಮ್ಲ ಅಂದರೇನೆಂದು ಕೇಳಿದಾಗ
ನಾನು ಕೊಟ್ಟ ಉತ್ತರ
ಪಕ್ಕದ ಗಣಿತದ ಕ್ಲಾಸಿಗೂ ಕೇಳಿಸಿತಂತೆ:

ಒಂದು ಕೈಯಲ್ಲಿ ಅಮೈನೊ, ಇನ್ನೊಂದು ಕೈಯಲ್ಲಿ ಕಾರ್ಬಾಕ್ಸಿಲ್,
ನಡುವೆ ಇಂಗಾಲ, ಅದರ ಪಕ್ಕೆಯಲ್ಲಿ ಅವರವರ ಗುರುತು.
ಅಲನೀನಿಗೆ ಮೀಥೈಲು.
ಗ್ಲೈಸೀನು ಬಡಪಾಯಿ, ಬರೀ ಒಂದು ಹೈಡ್ರೋಜನ್ನು.
ಇಬ್ಬರು ಕೈ ಹಿಡಿದರೆ ನಡುವಿನಿಂದ
ಒಂದು ಅಣು ನೀರು ಆಚೆ ಬೀಳುತ್ತದೆ.
ಕೂಡಬೇಕಾದರೆ ಏನಾದರೂ ಬಿಡಬೇಕು ಎಂದರು ಮೇಡಂ.
ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಸಂಜೆ ಅಮ್ಮ ಹಂಡೆಗೆ ಸೋಪು, ಸೋಡಾ ಸುರಿದು
ಕಚ್ಚಾ ರೇಷ್ಮೆ ಬೇಯಿಸುತ್ತಾಳೆ.
ಹುಳದ ವಾಸನೆ. ಕರಗಿ ಹೋಗುವ ಅಂಟು ಸೆರಿಸಿನ್,
ಅದೂ ಪ್ರೋಟೀನೇ, ಚರಂಡಿಯ ಪಾಲಿನ ಪ್ರೋಟೀನು.
ಉಳಿಯುವುದು ಫೈಬ್ರೋಯಿನ್. ಅದರ ಪಾಠ ಸುಲಭ:
ಗ್ಲೈಸೀನ್ ಅಲನೀನ್ ಗ್ಲೈಸೀನ್ ಅಲನೀನ್
ಗ್ಲೈಸೀನ್ ಸೀರೀನ್, ಮತ್ತೆ ಮೊದಲಿಂದ,
ಮಗ್ಗಿ ಒಪ್ಪಿಸುವ ಮಗುವಿನ ಹಾಗೆ.
ಬಡಪಾಯಿ ಜಾಗ ಕೇಳದ್ದಕ್ಕೇ
ಎಳೆಗೆ ಎಳೆ ಒತ್ತಿ ಕೂತು ಹಾಳೆಯಾಗುತ್ತದೆ.
ನೇಯುವ ಮೊದಲೇ ನೂಲಿನೊಳಗೊಂದು ನೇಯ್ಗೆ.
ಹುಳಕ್ಕೆ ಈ ಮಗ್ಗಿ ಹೇಳಿಕೊಟ್ಟವರಾರು?

ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಕಾರ್ಡುಗಳ ಸರ.
ತುಳಜಾಸಾ ಕಾಕಾ ಐವತ್ತು ವರ್ಷ ಹೊಡೆದ ತೂತುಗಳು.
ತೂತಿದ್ದಲ್ಲಿ ಸೂಜಿ ಒಳಗೆ, ಹಾಸಿನ ಎಳೆ ಮೇಲೆ;
ಇಲ್ಲದಲ್ಲಿ ಇಲ್ಲ.
ಕಾರ್ಡು ಎಂದೂ ಸೀರೆಯೊಳಗೆ ಬರುವುದಿಲ್ಲ,
ಮೇಲೆ ಕೂತು ಓದಿಸಿಕೊಳ್ಳುತ್ತದೆ.
ಡಿಎನ್ಎಯೂ ಕೋಶಕೇಂದ್ರ ಬಿಟ್ಟು ಇಳಿಯದು, ನಕಲು ಕಳಿಸುತ್ತದೆ,
ಮೂರು ಮೂರು ಅಕ್ಷರಕ್ಕೆ ಒಂದೊಂದು ಆಮ್ಲ.

ಒಮ್ಮೆ ಕಾಕಾನ ಕೈ ಒಂದು ತೂತು ತಪ್ಪಿತು.
ಮೂವತ್ತು ಸೀರೆ ಇಳಿದ ಮೇಲೆ ಚಿಕ್ಕಪೇಟೆಯ ಸೇಟು
ಸೆರಗು ಬಿಡಿಸಿ ತೋರಿಸಿದ:
ಒಂದು ಗಿಣಿಗೂ ಕಣ್ಣಿಲ್ಲ.
ಎಳೆ ಹರಿದರೆ ಒಂದು ಸೀರೆ ಕೆಡುತ್ತದೆ ಮಗಾ,
ಕಾರ್ಡು ಕೆಟ್ಟರೆ ಅದರ ಸಂತಾನವೆಲ್ಲ.
ಕಾಕಾ ಓದಿದ್ದು ನಾಲ್ಕನೆಯ ಕ್ಲಾಸು.

ಈ ಮಾತನ್ನು ಮಾರನೆಯ ದಿನ ಕ್ಲಾಸಿನಲ್ಲಿ ಕೂಗಿ ಹೇಳಿದೆ.
ಕೇತಮ್ಮ ತಲೆ ಎತ್ತಲಿಲ್ಲ.
ಬಿಳಿಗಿರಿರಂಗನ ಬೆಟ್ಟದ ಪೋಡಿನವಳು, ಹಾಸ್ಟೆಲಿನವಳು,
ಯಾವಾಗಲೂ ಕೈಯಲ್ಲಿ ನೀರಿನ ಬಾಟಲಿ,
ಡಿಸೆಂಬರಿನ ಚಳಿಗೆ ವಾರಗಟ್ಟಲೆ ರಜೆ.
ಮೇಡಂ ಬೋರ್ಡಿನ ಮೇಲೆ ಬರೆದರು:
ಹೀಮೋಗ್ಲೋಬಿನ್, ಬೀಟಾ ಸರಪಳಿ, ಆರನೆಯ ಜಾಗ.
ಜಿಎಜಿ ಇದ್ದಲ್ಲಿ ಜಿಟಿಜಿ.
ನೀರಿಗೆ ಒಲಿಯುವ ಗ್ಲುಟಾಮಿಕ್ ಎದ್ದುಹೋಗಿ
ನೀರಿಗೆ ಹೆದರುವ ವ್ಯಾಲೀನು ಕೂತಿದೆ.
ಆಮ್ಲಜನಕ ಇಳಿಸಿದ ಅಣುಗಳು ಒಂದಕ್ಕೊಂದು ಅಂಟಿ ಕಡ್ಡಿಗಟ್ಟುತ್ತವೆ,
ದುಂಡು ರಕ್ತಕಣ ಕುಡುಗೋಲು.
ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರುತ್ತೆ, ಬರೆದುಕೊಳ್ಳಿ.
ಕೇತಮ್ಮ ಬರೆದುಕೊಳ್ಳಲಿಲ್ಲ.

ಭಾನುವಾರ ಅವಳೇ ಮನೆ ಹುಡುಕಿಕೊಂಡು ಬಂದಳು,
ತಪ್ಪಿದ ಕಾರ್ಡು ನೋಡಬೇಕಂತೆ.
ಕಾಕಾ ಟ್ರಂಕಿನಿಂದ ತೆಗೆದುಕೊಟ್ಟ.
ಅಡ್ಡತೂತಿಗೆ ಕಾಗದದ ತೇಪೆ, ಪಕ್ಕದಲ್ಲಿ ಹೊಸ ತೂತು.
ಅವಳು ಕಿಟಕಿಗೆ ಹಿಡಿದಳು. ಮುಖದ ಮೇಲೆ
ಬಿಸಿಲಿನ ಚುಕ್ಕಿಗಳು ಸಾಲಾಗಿ ಬಿದ್ದವು.

ಸರಿಮಾಡುವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಕಾಕಾ?
ನನ್ನದು ಒಂದು ಕಾರ್ಡಲ್ಲ, ಕೋಶಕ್ಕೊಂದೊಂದು ಪ್ರತಿ.
ಮೂಳೆಯ ಮಜ್ಜೆಯೊಳಗೆ ಹೋಗಿ ತೇಪೆ ಹಾಕುವುದನ್ನು
ಎಲ್ಲೋ ಕಲಿಯುತ್ತಿದ್ದಾರಂತೆ, ಡಾಕ್ಟರು ಹೇಳಿದರು.

ಮಗ್ಗ ನಡೆಯುತ್ತಿತ್ತು. ಕಾಕಾನ ಕಿವಿ ಹೋಗಿ
ಹತ್ತು ವರ್ಷವಾಗಿದೆ.
ಏನು ಕೇಳಿಸಿತೋ, ಯಾವ ಪ್ರಶ್ನೆಗೋ,
ಗೋಂದಿನ ಬೆರಳು ಪಂಚೆಗೆ ಒರೆಸಿಕೊಂಡು ಕೂಗಿದ:
ಕೈ ನಡುಗಬಾರದು ಮಗಾ, ಅಷ್ಟೇ!

ಕೇತಮ್ಮ ಬಾಟಲಿ ಎತ್ತಿ ನೀರು ಕುಡಿದಳು.
ಅವಳ ಕೈ ನೋಡಿದೆ.
ಆಮೇಲೆ ಅಮ್ಮನ ಹಂಡೆಯ ಹತ್ತಿರ
ಇಬ್ಬರೂ ಬೆಚ್ಚಗೆ ಕೂತು
ಬೈಯುರೆಟ್ ಪರೀಕ್ಷೆಯ ಬಣ್ಣ ಯಾವುದೆಂದು
ಮಗ್ಗಕ್ಕಿಂತ ಜೋರಾಗಿ ಜಗಳವಾಡಿದೆವು.